ಪಾಲಕರ ಅಧೀನದಿಂದ ಪೌರತ್ವಕ್ಕೆ: ಜ್ಞಾನೋದಯದ ವಿಚಾರಗಳು, ರಾಜಕೀಯ ಕ್ರಾಂತಿಗಳು ಮತ್ತು ಸುರಪುರ ಸೀಮೆ

ಪೀಠಿಕೆ

ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಅಪೊಸ್ತಲನಾದ ಪೌಲನು ಒಂದು ಮನೆತನದ ಚಿತ್ರವನ್ನು ನಮ್ಮ ಮುಂದಿಡುತ್ತಾನೆ. ಆಸ್ತಿಗೆಲ್ಲ ಬಾಧ್ಯಸ್ಥನಾದ ಮಗನು ಬಾಲ್ಯದಲ್ಲಿರುವಷ್ಟು ಕಾಲ ಇತರರ ಮೇಲ್ವಿಚಾರಣೆಯಲ್ಲಿ ಬೆಳೆಯುತ್ತಾನೆ. ಹೆಸರಿಗೆ ಒಡೆಯನಾದರೂ ಅವನ ಸ್ಥಿತಿ ದಾಸನ ಸ್ಥಿತಿಗಿಂತ ಬೇರೆಯಲ್ಲ. ಆದರೆ ಈ ಅಧೀನತೆಗೆ ತಂದೆಯು ಗೊತ್ತುಮಾಡಿದ ಒಂದು ಅವಧಿಯುಂಟು. ಅವಧಿ ಮುಗಿದ ದಿನ ಪಾಲಕನು ಪಕ್ಕಕ್ಕೆ ಸರಿಯಲೇಬೇಕು. ಸರಿಯದಿದ್ದರೆ ಅವನು ಪಾಲಕನಲ್ಲ, ಹಕ್ಕನ್ನು ಕಸಿದವನು.

ಪೌಲನಿಗೆ ಹದಿನೇಳು ಶತಮಾನಗಳ ನಂತರ, 1784ರಲ್ಲಿ, ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ತನ್ನ ಕಾಲದ ಬೌದ್ಧಿಕ ಚಳುವಳಿಯನ್ನು ವಿವರಿಸಲು ಇದೇ ಬಗೆಯ ರೂಪಕವನ್ನು ಆರಿಸಿಕೊಂಡನು. ಮನುಷ್ಯನು ತಾನೇ ತಂದುಕೊಂಡ ಅಪ್ರಾಪ್ತತೆಯಿಂದ ಹೊರಬಂದು, ಪರರ ಕೈಹಿಡಿತವಿಲ್ಲದೆ ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯ ಮಾಡುವುದೇ ಜ್ಞಾನೋದಯವೆಂಬುದು ಅವನ ಅಭಿಪ್ರಾಯದ ಸಾರ. ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಕೊನೆಯವರೆಗೆ ಯುರೋಪಿನಲ್ಲಿ ಹಬ್ಬಿದ ಈ ವೈಚಾರಿಕ ಜಾಗೃತಿಯನ್ನೇ ನಾವು ಈ ಲೇಖನದಲ್ಲಿ 'ಜ್ಞಾನೋದಯ' ಎಂದು ಕರೆಯುತ್ತೇವೆ.

ಈ ವಿಚಾರಗಳು ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ರಾಜಕೀಯ ಕ್ರಾಂತಿಗಳಿಗೆ ಪ್ರೇರಣೆಯಾದವು ಎಂಬುದನ್ನು ಶಾಲೆಯ ಮಕ್ಕಳೂ ಓದುತ್ತಾರೆ. ಭೀಮಾ ಮತ್ತು ಕೃಷ್ಣಾ ನದಿಗಳ ಈ ಸೀಮೆಗೆ, ಅಂದರೆ ಇಂದಿನ ಯಾದಗಿರಿ, ಶಹಾಪುರ, ಸುರಪುರಗಳಿಗೆ, ಅವು ಹೇಗೆ ಬಂದವು ಮತ್ತು ಬಂದು ಏನು ಮಾಡಿದವು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಇಲ್ಲಿ ಅವು ಮೊದಲು ಕಾಣಿಸಿಕೊಂಡದ್ದು ಪಾಲಕನ ವೇಷದಲ್ಲಿ. ಪೌರತ್ವದ ರೂಪದಲ್ಲಿ ಬರಲು ಸುಮಾರು ನೂರು ವರ್ಷಗಳು ಹಿಡಿದವು. ಈ ವ್ಯತ್ಯಾಸವನ್ನು ಅರಿಯುವುದು ಈ ಸೀಮೆಯ ಕ್ರೈಸ್ತ ಸಭೆಗೆ ಏಕೆ ಅಗತ್ಯವೆಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ವಿಚಾರವು ಕ್ರಾಂತಿಯಾದ ಬಗೆ

ಜ್ಞಾನೋದಯದ ರಾಜಕೀಯ ಚಿಂತನೆಯ ಮೊದಲ ಹೆಜ್ಜೆಗಳಲ್ಲೊಂದು ಸತ್ಯವೇದದ ವ್ಯಾಖ್ಯಾನದ ಕುರಿತ ಒಂದು ವಿವಾದವಾಗಿತ್ತೆಂಬುದನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ನೆನಪಿಡಬೇಕು. ಇಂಗ್ಲೆಂಡಿನ ರಾಬರ್ಟ್ ಫಿಲ್ಮರ್ ಎಂಬವನು ಅರಸನ ಅಧಿಕಾರವು ಆದಾಮನ ಪಿತೃತ್ವದಿಂದ ಇಳಿದು ಬಂದದ್ದೆಂದು ವಾದಿಸಿದ್ದನು. ದೇವರು ಆದಾಮನಿಗೆ ಮಕ್ಕಳ ಮೇಲೆಯೂ ಲೋಕದ ಮೇಲೆಯೂ ಒಡೆತನ ಕೊಟ್ಟನು. ಅರಸರು ಆ ಒಡೆತನದ ವಾರಸುದಾರರು. ಆದ್ದರಿಂದ ಪ್ರಜೆಗಳು ಎಂದೆಂದಿಗೂ ಮಕ್ಕಳೇ ಎಂಬುದು ಅವನ ಮತ. ಅವನ ಗ್ರಂಥವು 1680ರಲ್ಲಿ, ಅವನ ಮರಣದ ನಂತರ, ಅಚ್ಚಾಯಿತು.

ಇದಕ್ಕೆ ಉತ್ತರವಾಗಿ ಜಾನ್ ಲಾಕ್ 1689ರಲ್ಲಿ ಎರಡು ಪ್ರಬಂಧಗಳನ್ನು ಪ್ರಕಟಿಸಿದನು. ಮೊದಲನೆಯದರ ಬಹುಭಾಗವು ಆದಿಕಾಂಡದ ವಚನಗಳ ಪರಿಶೀಲನೆ. ಭೂಮಿಯ ಮೇಲಿನ ದೊರೆತನವು ಆದಾಮನೊಬ್ಬನಿಗಲ್ಲ, ಮನುಷ್ಯಕುಲಕ್ಕೇ ಕೊಡಲ್ಪಟ್ಟಿತೆಂದು ಅವನು ತೋರಿಸಿದನು. ಎರಡನೆಯ ಪ್ರಬಂಧದಲ್ಲಿ ತಂದೆತಾಯಿಗಳ ಅಧಿಕಾರವು ಮಗುವಿಗೆ ವಿವೇಕ ಬರುವ ತನಕ ಮಾತ್ರವೆಂದೂ, ಪ್ರಾಪ್ತವಯಸ್ಕರ ಮೇಲಿನ ಅಧಿಕಾರಕ್ಕೆ ಅವರ ಸಮ್ಮತಿಯೇ ಆಧಾರವೆಂದೂ, ಆ ವಿಶ್ವಾಸವನ್ನು ಮುರಿದ ಆಳ್ವಿಕೆಯನ್ನು ಜನರು ಎದುರಿಸಬಹುದೆಂದೂ ವಾದಿಸಿದನು. ಮುಂದೆ ಮಾಂಟೆಸ್ಕ್ಯೂ 1748ರಲ್ಲಿ ಅಧಿಕಾರವನ್ನು ಒಂದೇ ಕೈಯಲ್ಲಿಡದೆ ಹಂಚಬೇಕೆಂದು ಬರೆದನು. ರೂಸೊ 1762ರಲ್ಲಿ ಸಾರ್ವಭೌಮತ್ವವು ಜನಸಮುದಾಯದ್ದೇ ಎಂದು ಸಾರಿದನು.

ಇವರ ಗ್ರಂಥಗಳನ್ನು ಓದಿದವರೆಲ್ಲ ಬಂಡೆದ್ದರೆಂದಲ್ಲ. ಫ್ರಾನ್ಸಿನಲ್ಲಿ ರಾಜಭಂಡಾರವು ಸಾಲದಲ್ಲಿ ಮುಳುಗಿತ್ತು. 1788ರ ಬೆಳೆ ಕೆಟ್ಟು ರೊಟ್ಟಿಯ ಬೆಲೆ ಬಡವರ ಕೈಗೆಟುಕದಂತಾಗಿತ್ತು. ಅಮೆರಿಕದಲ್ಲಿ ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ವಿಧಿಸಿದ ತೆರಿಗೆಗಳ ಕುರಿತು ಅಸಮಾಧಾನವಿತ್ತು. ಹಸಿವೂ ತೆರಿಗೆಯೂ ಲೋಕಕ್ಕೆ ಹೊಸವಲ್ಲ. ಅವುಗಳಿಂದ ದಂಗೆಗಳು ಹಿಂದೆಯೂ ಆಗಿದ್ದವು. ಹೊಸದಾಗಿದ್ದುದು ಸಂಕಟಕ್ಕೆ ದೊರೆತ ಭಾಷೆ. ಮೊದಲು ಜನರು ಒಳ್ಳೆಯ ಅರಸನನ್ನು ಬೇಡುತ್ತಿದ್ದರು. ಈಗ ಅರಸನಿಗೆ ಈ ಅಧಿಕಾರವನ್ನು ಕೊಟ್ಟವರು ಯಾರೆಂದು ಕೇಳತೊಡಗಿದರು. 1776ರ ಜನವರಿಯಲ್ಲಿ ಥಾಮಸ್ ಪೇನ್ ಬರೆದ ಚಿಕ್ಕ ಪುಸ್ತಿಕೆಯೊಂದು ಈ ಪ್ರಶ್ನೆಯನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿತು. ಅದೇ ವರ್ಷದ ಜುಲೈ 4ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯೂ, 1789ರ ಆಗಸ್ಟ್ 26ರಂದು ಫ್ರಾನ್ಸಿನ ಮಾನವ ಹಕ್ಕುಗಳ ಘೋಷಣೆಯೂ ಹೊರಬಂದವು.

ಆದರೆ 'ಎಲ್ಲರೂ' ಎಂಬ ಮಾತಿನಲ್ಲಿ ಯಾರು ಸೇರುತ್ತಾರೆ? ಅಮೆರಿಕದ ಘೋಷಣೆಯ ಕರಡನ್ನು ಬರೆದ ಜೆಫರ್‌ಸನ್ ಸ್ವತಃ ಗುಲಾಮರ ಒಡೆಯನಾಗಿದ್ದನು. ಫ್ರಾನ್ಸಿನ ವಸಾಹತಾಗಿದ್ದ ಹೈಟಿಯಲ್ಲಿ 1791ರಲ್ಲಿ ಗುಲಾಮರು ಬಂಡೆದ್ದು, 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನು ಕಟ್ಟಿದಾಗ ಮಾತ್ರ ಆ ಘೋಷಣೆಗಳ ನಿಜವಾದ ಪರೀಕ್ಷೆ ನಡೆಯಿತು. ವಿಚಾರವನ್ನು ಹುಟ್ಟಿಸಿದವರಿಗಿಂತ ಅದರಿಂದ ಹೊರಗಿಡಲ್ಪಟ್ಟವರೇ ಅದರ ಅರ್ಥವನ್ನು ಪೂರ್ಣವಾಗಿ ಗ್ರಹಿಸಿದರು.

ಸಭೆಯು ಈ ಚರಿತ್ರೆಯಲ್ಲಿ ಒಂದೇ ಪಕ್ಷದಲ್ಲಿರಲಿಲ್ಲ. ಮೆಥೋಡಿಸ್ಟ್ ಚಳುವಳಿಯ ಮೂಲಪುರುಷನಾದ ಜಾನ್ ವೆಸ್ಲಿ 1774ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಬರೆದನು. ಮರುವರ್ಷವೇ ಅಮೆರಿಕದ ವಸಾಹತುಗಾರರ ಬಂಡಾಯವನ್ನು ವಿರೋಧಿಸಿಯೂ ಬರೆದನು. ಗುಲಾಮರನ್ನು ಹೊಡೆತದಲ್ಲಿಟ್ಟುಕೊಂಡು ಸ್ವಾತಂತ್ರ್ಯದ ಕೂಗೆಬ್ಬಿಸುವುದು ಅವನಿಗೆ ಅಸಂಗತವಾಗಿ ಕಂಡಿತು. ಆದರೂ ಆ ಬಂಡಾಯದಿಂದ ಹುಟ್ಟಿದ ದೇಶದಲ್ಲಿಯೇ 1784ರಲ್ಲಿ ಅವನ ಅನುಯಾಯಿಗಳು ಸ್ವತಂತ್ರ ಸಭೆಯಾಗಿ ಸಂಘಟಿತರಾದರು. ಮುಂದೆ ಆ ಅಮೆರಿಕನ್ ಸಭೆಯ ಮಿಷನರಿಗಳೇ ಬೀದರ, ಕಲಬುರಗಿ, ಯಾದಗಿರಿಯ ಕಡೆಗೆ ಬಂದು ಸಭೆಗಳನ್ನೂ ಶಾಲೆಗಳನ್ನೂ ಸ್ಥಾಪಿಸಿದರು. ಕ್ರಾಂತಿಯ ಪ್ರಶ್ನೆಯು ನಮ್ಮ ಸಭೆಗಳ ವಂಶಾವಳಿಯಲ್ಲಿಯೇ ಇದೆ.

ಸುರಪುರದ ಬಾಲಕ ಅರಸನೂ ಅವನ ಪಾಲಕನೂ

ಯುರೋಪಿನ ಈ ಮಾತುಗಳು ಕಾವೇರಿಸಿದ್ದ ಕಾಲದಲ್ಲಿ ಸುರಪುರವು ಬೇಡ ನಾಯಕರ ಸಂಸ್ಥಾನವಾಗಿತ್ತು. 1705ರಲ್ಲಿ ಔರಂಗಜೇಬನು ಮುಪ್ಪಿನ ವಯಸ್ಸಿನಲ್ಲಿ ಸ್ವತಃ ಬಂದು ವಾಗಣಗೇರಿಯ ಕೋಟೆಯನ್ನು ಮುತ್ತಿದಾಗ ಎದುರುನಿಂತದ್ದು ಇದೇ ಮನೆತನ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಬರುವಾಗ ಸಂಸ್ಥಾನವು ನಿಜಾಮನಿಗೆ ಕೊಡಬೇಕಾದ ಹಣದ ಭಾರದಿಂದ ಕುಗ್ಗಿತ್ತು. ಅರಸು ಕೃಷ್ಣಪ್ಪ ನಾಯಕನು ತೀರಿಕೊಂಡನು. ಅವನ ಮಗ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ಆಡಳಿತದ ಮೇಲ್ವಿಚಾರಣೆಗೆ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ನೇಮಕಗೊಂಡನು. 1840ರ ದಶಕದ ಆರಂಭದಿಂದ 1853ರವರೆಗೆ ಅವನು ಇಲ್ಲಿದ್ದನು.

ಟೇಲರನು ಜ್ಞಾನೋದಯದ ಪರಂಪರೆಯು ರೂಪಿಸಿದ ಮನುಷ್ಯ. ಅಳೆಯುವುದು, ಲೆಕ್ಕವಿಡುವುದು, ಸುಧಾರಿಸುವುದು ಅವನ ಸ್ವಭಾವ. ಸಂಸ್ಥಾನದ ಹಣಕಾಸನ್ನು ಕ್ರಮಕ್ಕೆ ತಂದನು. ಕೆರೆ ಮತ್ತು ರಸ್ತೆಗಳ ಕೆಲಸ ಮಾಡಿಸಿದನು. ರಾಜನಕೋಳೂರಿನ ಕಲ್ಗೋರಿಗಳನ್ನೂ ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನೂ ಪರಿಶೀಲಿಸಿ ವಿದ್ವತ್ಪತ್ರಿಕೆಗಳಿಗೆ ಬರೆದನು. ಸುರಪುರದ ಬೆಟ್ಟದ ಮೇಲೆ ಅವನು 1844ರಲ್ಲಿ ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ಬಾಲಕ ಅರಸನು ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಅವನು ತನ್ನ ಆತ್ಮಕಥೆಯಲ್ಲಿ ಪ್ರೀತಿಯಿಂದ ನೆನೆಯುತ್ತಾನೆ. ಆ ಪ್ರೀತಿ ನಿಜವಾದದ್ದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಈ ಸುಧಾರಣೆಗೆ ಸುರಪುರದ ಜನರ ಸಮ್ಮತಿಯನ್ನು ಯಾರೂ ಕೇಳಲಿಲ್ಲ. ತಾಯಿ ಈಶ್ವರಮ್ಮನಿಗೂ ಟೇಲರನಿಗೂ ಅಧಿಕಾರದ ವಿಷಯದಲ್ಲಿ ಹಲವು ಬಾರಿ ಘರ್ಷಣೆಯಾಯಿತು. 1853ರಲ್ಲಿ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾಗಿ ಅಧಿಕಾರ ವಹಿಸಿಕೊಂಡನು. ಆದರೂ ಅವನ ಮೇಲಿನ ಕಂಪನಿಯ ಕಣ್ಗಾವಲು ತೀರಲಿಲ್ಲ.

1857ರಲ್ಲಿ ಉತ್ತರದಲ್ಲಿ ಬಂಡಾಯವೆದ್ದಿತು. ಕರ್ನಾಟಕದಲ್ಲಿಯೂ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಪ್ರತಿಭಟಿಸಿದರು. 1858ರ ಫೆಬ್ರುವರಿಯಲ್ಲಿ ಸುರಪುರದ ಸರದಿ ಬಂದಿತು. ಬ್ರಿಟಿಷ್ ಪಡೆಗಳೊಡನೆ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿಯು ಸತ್ತನು; ಹೆಚ್ಚಿನ ಸೈನ್ಯ ಬರುತ್ತಲೇ ಅರಸನು ಸುರಪುರವನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ತನ್ನನ್ನು ಪ್ರೇರೇಪಿಸಿದವರ ಹೆಸರುಗಳನ್ನು ಹೇಳಲು ಅವನು ಒಪ್ಪಲಿಲ್ಲವೆಂದು ಸೆರೆಯಲ್ಲಿ ಅವನನ್ನು ಕಂಡ ಟೇಲರನೇ ದಾಖಲಿಸಿದ್ದಾನೆ. ಮರಣದಂಡನೆಯು ಕಡಿತಗೊಂಡು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಅವನ ಜೀವ ಹೋಯಿತು. ಆತ್ಮಹತ್ಯೆಯೋ ಕೊಲೆಯೋ ಎಂಬ ವಿವಾದ ಇಂದಿಗೂ ಉಳಿದಿದೆ. 1860ರಲ್ಲಿ ಸಂಸ್ಥಾನವನ್ನು, ಬಂಡಾಯದ ಕಾಲದಲ್ಲಿ ತೋರಿದ ನಿಷ್ಠೆಗೆ ಬಹುಮಾನವಾಗಿ, ನಿಜಾಮನಿಗೆ ಕೊಡಲಾಯಿತು.

ಸುರಪುರದ ಹೋರಾಟವನ್ನು ಜ್ಞಾನೋದಯದ ಕ್ರಾಂತಿಯೆಂದು ಕರೆಯುವುದು ಸರಿಯಲ್ಲ. ಅಲ್ಲಿ ಸಂವಿಧಾನದ ಬೇಡಿಕೆಯಾಗಲಿ, ಹುಟ್ಟಿನಿಂದ ಬಂದ ಹಕ್ಕುಗಳ ಮಾತಾಗಲಿ ಇರಲಿಲ್ಲ. ಮಾನ, ಒಡೆಯನ ಉಪ್ಪಿನ ಋಣ, ಹಿಡಿದ ಆಯುಧ, ಪೂರ್ವಿಕರ ನೆಲ, ಇವೇ ಅದರ ಭಾಷೆ. ಹಾಗೆಂದು ಅದು ಕೀಳೆಂದಲ್ಲ. ತಮ್ಮ ಬದುಕಿನ ಕುರಿತು ಪರರು ತೀರ್ಮಾನಿಸಬಾರದೆಂಬ ಅರಿವು ಯಾವ ಪುಸ್ತಕದ ಸಹಾಯವೂ ಇಲ್ಲದೆ ಮನುಷ್ಯನಲ್ಲಿರುತ್ತದೆಂಬುದಕ್ಕೆ ಅದು ಸಾಕ್ಷಿ.

ಒಂದೇ ವಿಚಾರದ ಎರಡು ಮುಖಗಳು

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ ಅರಸನ ವಿರುದ್ಧ ನಿಂತ ವಿಚಾರವು ಸುರಪುರದಲ್ಲಿ ಆಳುವವರ ಪಕ್ಷದಲ್ಲಿ ನಿಂತದ್ದು ಹೇಗೆ? ಉತ್ತರವು ಜಾನ್ ಸ್ಟೂಅರ್ಟ್ ಮಿಲ್ಲನ ಬರವಣಿಗೆಯಲ್ಲಿ ಸಿಗುತ್ತದೆ. ಅವನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯ ನೌಕರನಾಗಿದ್ದನು. ವೆಂಕಟಪ್ಪ ನಾಯಕನು ಸತ್ತ ಮರುವರ್ಷ, 1859ರಲ್ಲಿ, ಸ್ವಾತಂತ್ರ್ಯದ ಕುರಿತ ಅವನ ಪ್ರಸಿದ್ಧ ಗ್ರಂಥವು ಪ್ರಕಟವಾಯಿತು. ವ್ಯಕ್ತಿಯ ಸ್ವಾತಂತ್ರ್ಯವನ್ನು ಅಷ್ಟು ಸಮರ್ಥವಾಗಿ ಎತ್ತಿಹಿಡಿದ ಆ ಗ್ರಂಥವು ಆರಂಭದಲ್ಲಿಯೇ ಈ ತತ್ತ್ವವು ಮಕ್ಕಳಿಗೂ, ಹಿಂದುಳಿದ ಸ್ಥಿತಿಯಲ್ಲಿರುವ ಸಮಾಜಗಳಿಗೂ ಅನ್ವಯಿಸುವುದಿಲ್ಲವೆಂದು ಹೇಳುತ್ತದೆ.

ಲಾಕನು ಫಿಲ್ಮರನ ಕೈಯಿಂದ ಕಿತ್ತುಕೊಂಡ ಪಿತೃತ್ವದ ವಾದವು ಹೀಗೆ ಹಿಂಬಾಗಿಲಿನಿಂದ ಒಳಬಂದಿತು. ಅರಸನು ಪ್ರಜೆಗಳಿಗೆ ತಂದೆಯಲ್ಲವಂತೆ. ಆದರೆ ಇಂಗ್ಲೆಂಡು ಭಾರತಕ್ಕೆ ತಂದೆಯಾಗಬಹುದಂತೆ. ನಮ್ಮ ಜನರೂ ಬಹುಕಾಲ ಸರ್ಕಾರವನ್ನು 'ಮಾಯ್‌ಬಾಪ್' ಎಂದು ಕರೆದು ಈ ಸಂಬಂಧವನ್ನು ಒಪ್ಪಿಕೊಂಡರು. ಪಾಲಕತ್ವದ ತೊಡಕು ಇಲ್ಲಿದೆ: ಮಗುವು ಎಂದು ಪ್ರಾಪ್ತವಯಸ್ಕವಾಯಿತೆಂದು ತೀರ್ಮಾನಿಸುವವನು ಪಾಲಕನೇ ಆದರೆ ಆ ದಿನವು ಎಂದಿಗೂ ಬಾರದು. ಪೌಲನ ಚಿತ್ರದಲ್ಲಾದರೋ ಅವಧಿಯನ್ನು ಗೊತ್ತುಮಾಡುವವನು ತಂದೆ. ಪಾಲಕನಿಗೆ ಅದನ್ನು ಮುಂದೂಡುವ ಅಧಿಕಾರವಿಲ್ಲ. ವಸಾಹತುಶಾಹಿಯ ಕುರಿತು ಇಷ್ಟು ತೀಕ್ಷ್ಣವಾದ ವಿಮರ್ಶೆಯು ಸತ್ಯವೇದದ ಆ ಏಳು ವಚನಗಳಲ್ಲಿ ಅಡಗಿರುವುದನ್ನು ಆ ಕಾಲದ ಮಿಷನರಿಗಳಲ್ಲಿ ಹೆಚ್ಚಿನವರು ಗಮನಿಸಲಿಲ್ಲ.

ವಿಚಾರಗಳು ಬಂದ ಬೇರೆ ದಾರಿಗಳು

ಜ್ಞಾನೋದಯದ ವಿಚಾರಗಳಿಗೆ ಭಾರತದಲ್ಲಿ ಟೇಲರನ ಮಂಜಿಲಿನ ಹೊರತು ಬೇರೆ ದಾರಿಗಳೂ ಇದ್ದವು. ಪುಣೆಯ ಸ್ಕಾಟಿಷ್ ಮಿಷನ್ನಿನ ಶಾಲೆಯಲ್ಲಿ ಕಲಿತ ಜ್ಯೋತಿಬಾ ಫುಲೆಯವರು ಮಾನವ ಹಕ್ಕುಗಳನ್ನು ಕುರಿತ ಥಾಮಸ್ ಪೇನನ ಗ್ರಂಥವನ್ನು ಓದಿ ಪ್ರಭಾವಿತರಾದರು. ಪೇನನು ಕ್ರೈಸ್ತ ಸಭೆಯ ಕಟು ಟೀಕಾಕಾರನಾಗಿದ್ದನೆಂಬುದು ಇಲ್ಲಿ ಮರೆಯಬಾರದ ಸಂಗತಿ. ಫುಲೆಯವರು ಅವನ ಪ್ರಶ್ನೆಯನ್ನು ಇಂಗ್ಲಿಷರ ಕಡೆಗೆ ಮಾತ್ರವಲ್ಲ, ಜಾತಿಯ ಕಡೆಗೂ ತಿರುಗಿಸಿದರು. 1873ರಲ್ಲಿ ಪ್ರಕಟವಾದ 'ಗುಲಾಮಗಿರಿ' ಎಂಬ ತಮ್ಮ ಗ್ರಂಥವನ್ನು ಅವರು ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಹೈಟಿಯ ಗುಲಾಮರಂತೆ ಇವರೂ ಹೊರಗಿಡಲ್ಪಟ್ಟವರ ಪರವಾಗಿ 'ಎಲ್ಲರೂ' ಎಂಬ ಮಾತಿನ ಅರ್ಥವನ್ನು ಕೇಳಿದರು.

ಡಾ. ಬಿ. ಆರ್. ಅಂಬೇಡ್ಕರರು ಫುಲೆಯವರನ್ನು ತಮ್ಮ ಗುರುಗಳಲ್ಲೊಬ್ಬರೆಂದು ಗೌರವಿಸಿದರು. ಆದರೆ 1954ರಲ್ಲಿ ಆಕಾಶವಾಣಿಯಲ್ಲಿ ಮಾತನಾಡುತ್ತ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ತಮ್ಮ ಜೀವನತತ್ತ್ವವು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದದ್ದಲ್ಲ, ಬುದ್ಧನ ಬೋಧನೆಯಿಂದ ಬಂದದ್ದು, ಅದರ ಬೇರು ಧರ್ಮದಲ್ಲಿದೆ ಎಂದು ಸ್ಪಷ್ಟಪಡಿಸಿದರು. ದೈವಶಾಸ್ತ್ರವನ್ನು ಅಭ್ಯಸಿಸುವ ನಮಗೆ ಇದು ಮಹತ್ತ್ವದ ಮಾತು. ಸಮಾನತೆಯು ಕೇವಲ ರಾಜಕೀಯ ಏರ್ಪಾಡಾದರೆ ಅನುಕೂಲ ತಪ್ಪಿದಾಗ ಅದನ್ನು ಕೈಬಿಡಬಹುದು. ಅದು ಮನುಷ್ಯನ ಸ್ವರೂಪದ ಕುರಿತ ನಂಬಿಕೆಯಾದರೆ ಹಾಗೆ ಬಿಡಲಾಗದು.

ನಮ್ಮ ನೆಲದಲ್ಲಿಯೂ ಅಂಥ ಬೇರುಗಳುಂಟು. ಸುರಪುರ ಸೀಮೆಯ ಮುದನೂರು, ನೇಕಾರ ವಚನಕಾರ ಜೇಡರ ದಾಸಿಮಯ್ಯನ ಊರು. ಹೆಣ್ಣುಗಂಡೆಂಬ ಭೇದವು ದೇಹದ ಗುರುತುಗಳಿಗೆ ಸೇರಿದ್ದೇ ಹೊರತು ಒಳಗಿನ ಆತ್ಮಕ್ಕಲ್ಲವೆಂದು ಅವನು ಹೇಳಿದ್ದು ಲಾಕನಿಗಿಂತ ಆರು ಶತಮಾನಗಳಿಗೂ ಹಿಂದೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಒಂದಾಗಿ ನಡೆದುಕೊಳ್ಳುತ್ತಾರೆ. ಇವುಗಳನ್ನು ಆಧುನಿಕ ಪ್ರಜಾಪ್ರಭುತ್ವದ ಸಿದ್ಧಾಂತಗಳೆಂದು ಕರೆದರೆ ಅತಿಶಯೋಕ್ತಿಯಾದೀತು. ಮತದಾನವನ್ನೂ ನ್ಯಾಯಾಂಗವನ್ನೂ ಅವು ಕಲ್ಪಿಸಲಿಲ್ಲ. ಆದರೆ ಸಮಾನತೆಯ ಮಾತು ಬಂದಾಗ ಅದನ್ನು ಪರದೇಶದ್ದೆಂದು ತಳ್ಳಿಹಾಕಲಾಗದಂತೆ ನೆಲವನ್ನು ಹದಗೊಳಿಸಿದವು.

1948ರಿಂದ 1952ರವರೆಗೆ

ನಿಜಾಮನ ಆಳ್ವಿಕೆಯಲ್ಲಿ ಈ ಸೀಮೆಯ ಜನರಿಗೆ ತಮ್ಮನ್ನು ಆಳುವವರನ್ನು ಆರಿಸುವ ಹಕ್ಕಿರಲಿಲ್ಲ. ಆಡಳಿತದ ಭಾಷೆ ಉರ್ದು; ಕನ್ನಡ ಶಾಲೆಗಳು ವಿರಳ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಜನರಿಗೆ ಉತ್ತರ ಕೊಡಬೇಕಾದ ಜವಾಬ್ದಾರಿ ಸರ್ಕಾರವನ್ನು ಬೇಡಿ ಸತ್ಯಾಗ್ರಹ ಹೂಡಿತು. ನಿಜಾಮನ ಸರ್ಕಾರವು ಅದನ್ನು ನಿಷೇಧಿಸಿತು. ಸ್ವಾಮಿ ರಮಾನಂದ ತೀರ್ಥರು ಈ ಹೋರಾಟದ ಮುಂದಾಳಾಗಿ ಸೆರೆವಾಸವನ್ನು ಅನುಭವಿಸಿದರು. 1858ರ ಬಂಡಾಯದ ಭಾಷೆಗೂ ಈ ಬೇಡಿಕೆಯ ಭಾಷೆಗೂ ಇರುವ ಅಂತರ ಸ್ಪಷ್ಟವಾಗಿದೆ. ಈಗ ಕೇಳಿದ್ದು ಆಳ್ವಿಕೆಯ ಮೂಲವನ್ನೇ ಕುರಿತ ಪ್ರಶ್ನೆ.

1947ರಲ್ಲಿ ಭಾರತ ಸ್ವತಂತ್ರವಾದಾಗಲೂ ನಿಜಾಮನು ಸೇರಲಿಲ್ಲ. ರಜಾಕಾರರ ದಾಳಿಗಳಿಂದ ಹಳ್ಳಿಗಳು ತತ್ತರಿಸಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಪ್ರವೇಶಿಸಿತು. 17ರಂದು ನಿಜಾಮನು ಶರಣಾದನು. ಕಲ್ಯಾಣ ಕರ್ನಾಟಕದಲ್ಲಿ ಆ ದಿನವನ್ನು ಇಂದಿಗೂ ವಿಮೋಚನೆಯ ದಿನವಾಗಿ ಆಚರಿಸುತ್ತಾರೆ. ಆದರೆ ಆ ವಿಮೋಚನೆಯ ಹಿಂದೆಯೇ ಇನ್ನೊಂದು ದುರಂತ ನಡೆಯಿತು. ಭಾರತ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು, ಕಾರ್ಯಾಚರಣೆಯ ವೇಳೆಯಲ್ಲಿಯೂ ನಂತರವೂ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನರು ಸತ್ತಿರಬಹುದೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಆ ಜಿಲ್ಲೆಗೇ ಸೇರಿದ್ದವು. ಫ್ರಾನ್ಸಿನಲ್ಲಿ 1793 ಮತ್ತು 1794ರಲ್ಲಿ ನಡೆದ ರಕ್ತಪಾತವನ್ನು ಉಪನ್ಯಾಸಗಳಲ್ಲಿ ಖಂಡಿಸುವ ನಾವು, ನಮ್ಮ ಮನೆಯ ಬಾಗಿಲಲ್ಲಿ ನಡೆದುದರ ಕುರಿತು ಮೌನವಾಗಿರುವುದು ಸಲ್ಲದು. ಸ್ವಾತಂತ್ರ್ಯ ಮತ್ತು ಸಮಾನತೆಗಳ ಜೊತೆಯಲ್ಲಿ ಭ್ರಾತೃತ್ವವು ಹುಟ್ಟದೆ ಹೋದರೆ ಬಿಡುಗಡೆಯು ಸೇಡಿಗೆ ದಾರಿಯಾಗುತ್ತದೆ.

ಇಷ್ಟಾಗಿಯೂ ಮುಂದಿನ ನಾಲ್ಕು ವರ್ಷಗಳಲ್ಲಿ ನಡೆದದ್ದನ್ನು ನಾವು ಕ್ರಾಂತಿಯೆಂದೇ ಕರೆಯಬೇಕು. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದವು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿತು. 1952ರಲ್ಲಿ ಈ ಸೀಮೆಯ ವಯಸ್ಕರೆಲ್ಲರೂ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತದಾರರಾದರು. ಓದುಬರಹ ಬಾರದವರಿಗೆ ಮತ ಸಲ್ಲದೆಂದು ಮಿಲ್ 1861ರಲ್ಲಿ ಬರೆದಿದ್ದನು. ನಮ್ಮ ಸಂವಿಧಾನ ರಚಿಸಿದವರು ಆ ನಿಬಂಧನೆಯನ್ನು ಒಪ್ಪಲಿಲ್ಲ. ಫ್ರಾನ್ಸಿನ ಹೆಂಗಸರು ಮೊದಲು ಮತ ಹಾಕಿದ್ದು 1945ರಲ್ಲಿ; ರೂಸೊ ಹುಟ್ಟಿದ ಜಿನೀವಾ ಇಂದು ಸೇರಿರುವ ಸ್ವಿಟ್ಜರ್‌ಲೆಂಡಿನಲ್ಲಿ ರಾಷ್ಟ್ರೀಯ ಚುನಾವಣೆಯ ಮತಾಧಿಕಾರವು ಹೆಂಗಸರಿಗೆ ದೊರೆತದ್ದು 1971ರಲ್ಲಿ. ಸುರಪುರದ ಹೊಲದಲ್ಲಿ ಕಳೆ ಕೀಳುತ್ತಿದ್ದ, ಅಕ್ಷರ ಕಾಣದ ಕೂಲಿಯ ಹೆಂಗಸು ಅದಕ್ಕೂ ಹತ್ತೊಂಬತ್ತು ವರ್ಷ ಮೊದಲೇ ಮತದಾರಳಾಗಿದ್ದಳು. ಮುಂದೆ ಸುರಪುರದ ಅರಸುಮನೆತನದವರೂ ಅಂಥವರ ಮನೆಬಾಗಿಲಿಗೆ ಹೋಗಿ ಮತ ಯಾಚಿಸಿ ಶಾಸಕರಾದರು. ಅಧಿಕಾರದ ಮೂಲವು ಸಮ್ಮತಿಯೆಂಬ ಲಾಕನ ಮಾತು ಈ ನೆಲದಲ್ಲಿ ನಿಜವಾದದ್ದು ಹೀಗೆ.

ದೈವಶಾಸ್ತ್ರದ ದೃಷ್ಟಿಯಿಂದ

ಈ ಚರಿತ್ರೆಯಿಂದ ಸಭೆಯು ಕಲಿಯಬೇಕಾದುದೇನು? ಮೂರು ವಿಷಯಗಳನ್ನು ನಾವು ಓದುಗರ ಮುಂದಿಡಲು ಬಯಸುತ್ತೇವೆ.

ಮೊದಲನೆಯದಾಗಿ, ಮನುಷ್ಯನ ಘನತೆಯ ಆಧಾರ. ಜ್ಞಾನೋದಯದ ಹಲವು ಚಿಂತಕರು ಘನತೆಯನ್ನು ವಿವೇಕಶಕ್ತಿಯ ಮೇಲೆ ನಿಲ್ಲಿಸಿದರು. ವಿವೇಕವು ಅಳತೆಗೋಲಾದಾಗ ಅಳೆಯುವವರು ಹುಟ್ಟಿಕೊಳ್ಳುತ್ತಾರೆ. ಓದದವರು, ಹೆಂಗಸರು, ವಸಾಹತಿನ ಜನರು ಅಳತೆಗೆ ಕಡಿಮೆ ಬೀಳುತ್ತಾರೆ. ಮಿಲ್ಲನ ತಪ್ಪು ಆಕಸ್ಮಿಕವಾದದ್ದಲ್ಲ. ಆದಿಕಾಂಡದ ಮೊದಲನೆಯ ಅಧ್ಯಾಯವು ಮನುಷ್ಯನನ್ನು ಅವನ ಸಾಮರ್ಥ್ಯದಿಂದ ಅಳೆಯುವುದಿಲ್ಲ. ಗಂಡೂ ಹೆಣ್ಣೂ ದೇವರ ಸ್ವರೂಪದಲ್ಲಿ ಸೃಷ್ಟಿಸಲ್ಪಟ್ಟಿರುವುದು ಅವರಿಗೆ ಕೊಡಲ್ಪಟ್ಟ ವರ, ಗಳಿಸಿದ ಅರ್ಹತೆಯಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ಶೇಕಡಾ 52ರಷ್ಟಿದ್ದು ರಾಜ್ಯದಲ್ಲಿಯೇ ಕಡಿಮೆಯಾಗಿತ್ತು. ಅಂಥ ಜಿಲ್ಲೆಯಲ್ಲಿ ಸುವಾರ್ತೆ ಸಾರುವವರು ಇದನ್ನು ದೃಢವಾಗಿ ಹಿಡಿದಿರಬೇಕು. ಓದು ಕಲಿಸುವುದು ನಮ್ಮ ಕರ್ತವ್ಯ. ಓದದವರನ್ನು ಅಪ್ರಾಪ್ತರೆಂದು ಕಾಣುವುದು ನಮ್ಮ ಪಾಪ.

ಎರಡನೆಯದಾಗಿ, ಘೋಷಣೆಗೂ ಬದುಕಿಗೂ ನಡುವಿನ ಅಂತರ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ರಾಜಕೀಯದಲ್ಲಿ ಸಮಾನತೆಯೂ ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆಯೂ ಇರುವ ವೈರುಧ್ಯದ ಜೀವನವನ್ನು ನಾವು ಪ್ರವೇಶಿಸಲಿದ್ದೇವೆಂದು ಎಚ್ಚರಿಸಿದರು. ನಮ್ಮ ಸಭೆಗಳ ಸದಸ್ಯರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳಿಂದ ಬಂದವರು. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿಗಳ ಆದೇಶವು ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲ್ಪಟ್ಟಿತು. ಕ್ರೈಸ್ತರೂ ಮುಸಲ್ಮಾನರೂ ಅದರ ಹೊರಗೇ ಉಳಿದರು. ದೀಕ್ಷಾಸ್ನಾನ ಹೊಂದಿದವನಿಗೆ ಊರಿನ ಬಾವಿಯ ಬಳಿ ಜಾತಿ ಉಳಿಯುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಅಳಿಯುತ್ತದೆ. ಇದರ ನ್ಯಾಯವನ್ನು ಸಂವಿಧಾನದ ಮಾರ್ಗದಿಂದಲೇ ಕೇಳುವುದು ಪೌರರ ಹಕ್ಕು. ಆದರೆ ನಮ್ಮ ಸಭೆಗಳೊಳಗೆ, ಮದುವೆಯ ಮಾತುಕತೆಗಳಲ್ಲಿ, ಜಾತಿಯು ಉಳಿದಿರುವಾಗ ಆ ಕೇಳಿಕೆಯ ಬಲ ಕುಂದುತ್ತದೆಂಬುದನ್ನೂ ನಾವು ಒಪ್ಪಬೇಕು.

ಮೂರನೆಯದಾಗಿ, ಸಭೆಯೊಳಗಿನ ಪಾಲಕತ್ವ. ಮಿಷನರಿಗಳು ನಮ್ಮ ಹಿರಿಯರಿಗೆ ತಂದೆತಾಯಿಗಳಂತಿದ್ದರು. ಶಾಲೆ, ಔಷಧ, ಬರಗಾಲದಲ್ಲಿ ಅನ್ನ, ಎಲ್ಲವೂ ಅವರ ಕೈಯಿಂದ ಬಂದವು. ಆ ಉಪಕಾರವನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಭಾರತದ ಮೆಥೋಡಿಸ್ಟ್ ಸಭೆಯು 1981ರಲ್ಲಿ ಸ್ವಾಯತ್ತವಾಯಿತು. ಆದರೆ ಮಿಷನರಿಯ ಕುರ್ಚಿಯಲ್ಲಿ ನಮ್ಮವರೇ ಕುಳಿತು ಅದೇ ರೀತಿಯಲ್ಲಿ ನಡೆದುಕೊಂಡರೆ ಪಾಲಕನ ಹೆಸರು ಮಾತ್ರ ಬದಲಾದಂತಾಗುತ್ತದೆ. ಸಭೆಯ ಲೆಕ್ಕಪತ್ರವನ್ನು ಸದಸ್ಯರ ಮುಂದೆ ಓದಲಾಗುತ್ತದೆಯೇ? ಕಮಿಟಿಯಲ್ಲಿ ಹೆಂಗಸರಿಗೆ ಸ್ಥಾನವಿದೆಯೇ, ಇದ್ದರೆ ಅವರ ಮಾತಿಗೆ ಬೆಲೆಯಿದೆಯೇ? ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಹೋಗಿ ಮರಳಿದ ಯುವಕನು ಪ್ರಶ್ನೆ ಕೇಳಿದಾಗ ಅದನ್ನು ಅವಿಧೇಯತೆಯೆಂದು ಕಾಣುತ್ತೇವೆಯೋ, ಪ್ರಾಪ್ತವಯಸ್ಸಿನ ಗುರುತೆಂದು ಸಂತೋಷಪಡುತ್ತೇವೆಯೋ? ಸಭಾಪಾಲಕನ ಕೆಲಸವು ಮಂದೆಯನ್ನು ಎಂದೆಂದಿಗೂ ಮಕ್ಕಳಾಗಿಡುವುದಲ್ಲ, ಕ್ರಿಸ್ತನಲ್ಲಿ ಪ್ರಾಯಸ್ಥರಾಗುವಂತೆ ಬೆಳೆಸುವುದು.

ಉಪಸಂಹಾರ

ಜ್ಞಾನೋದಯದ ವಿಚಾರಗಳು ಕ್ರಾಂತಿಗಳಿಗೆ ಪ್ರೇರಣೆಯಾದದ್ದು ಅಧಿಕಾರವನ್ನು ಕುರಿತು ಒಂದು ಸರಳ ಪ್ರಶ್ನೆಯನ್ನು ಸಾಮಾನ್ಯರ ಬಾಯಿಗೆ ಕೊಟ್ಟದ್ದರಿಂದ. ಅದೇ ವಿಚಾರಗಳು ಸಾಮ್ರಾಜ್ಯಕ್ಕೆ ನೆಪವಾದದ್ದು ಆ ಪ್ರಶ್ನೆಯನ್ನು ಕೆಲವರಿಗೆ ಮಾತ್ರ ಮೀಸಲಿಟ್ಟದ್ದರಿಂದ. ಪ್ರಶ್ನೆಯು ಸುರಪುರದ ಕೂಲಿಯವರ ಕೈಗೆ ಮತಪತ್ರವಾಗಿ ಬಂದ ದಿನ ಈ ಸೀಮೆಯ ರಾಜಕೀಯ ಬಾಲ್ಯವು ಮುಗಿಯಿತು. ಸಾಮಾಜಿಕ ಬಾಲ್ಯವು ಇನ್ನೂ ಮುಗಿದಿಲ್ಲ.

ಕಾಂಟನು ಹೇಳಿದ ಪ್ರಾಪ್ತತೆಯಲ್ಲಿ ಮನುಷ್ಯನು ಒಂಟಿಯಾಗಿ ನಿಲ್ಲುತ್ತಾನೆ. ಪೌಲನು ಹೇಳುವ ಪ್ರಾಪ್ತತೆಯಲ್ಲಿ ಮಗನಿಗೆ ಆಸ್ತಿಯ ಜೊತೆಗೆ ಒಡಹುಟ್ಟಿದವರೂ ಸಿಗುತ್ತಾರೆ; ಬಾಧ್ಯತೆಯು ಎಲ್ಲರಿಗೂ ಸೇರಿದ್ದು, ಒಬ್ಬನು ಇನ್ನೊಬ್ಬನನ್ನು ಹೊರಗಿಟ್ಟು ಅನುಭವಿಸುವಂಥದ್ದಲ್ಲ. ಭ್ರಾತೃತ್ವವೆಂಬ ಮಾತಿಗೆ ಆಧಾರವನ್ನು ಹುಡುಕುತ್ತಿರುವ ನಮ್ಮ ಗಣರಾಜ್ಯಕ್ಕೆ ಸಭೆಯು ಸಲ್ಲಿಸಬಹುದಾದ ಸೇವೆ ಇದೇ: ಆ ಒಡಹುಟ್ಟಿದತನವನ್ನು ಮೊದಲು ತನ್ನೊಳಗೆ ನಡೆದು ತೋರಿಸುವುದು. ಯಾದಗಿರಿ, ಶಹಾಪುರ, ಸುರಪುರಗಳ ಚಿಕ್ಕ ಸಭೆಗಳಿಗೂ ಇದು ಮೀರಿದ ಕೆಲಸವೇನಲ್ಲ. ಕರ್ತನ ಭೋಜನದ ಮೇಜಿನಲ್ಲಿ ಯಾರೂ ಅಪ್ರಾಪ್ತರಲ್ಲವೆಂಬುದನ್ನು ನಂಬಿದವರು, ಮೇಜಿನಿಂದ ಎದ್ದ ಮೇಲೆಯೂ ಹಾಗೆಯೇ ನಡೆದುಕೊಳ್ಳಬೇಕಷ್ಟೆ.